ವರ್ಡ್‌ಪ್ರೆಸ್‌ನಲ್ಲಿ ಕೆಟಗರಿ ಪೋಸ್ಟ್‌ಗಳು ಬರ್ತಿಲ್ವಾ? ಮೊದಲು ಸ್ಲಗ್ ನೋಡಿ

ಗೆಳೆಯರೇ, ಪೋಸ್ಟ್‌ಗಳನ್ನು ಹುಡುಕಿ ತರೋ ವರ್ಡ್‌ಪ್ರೆಸ್ ಕೋಡ್ ಆದ ಡಬ್ಲ್ಯೂಪಿ ಕ್ವೆರಿಯಲ್ಲಿ ‘ಕೆಟಗರಿ ನೇಮ್’ ಅಂತ ಇದೆಯಲ್ಲ, ಅದಕ್ಕೆ ಕೊಡಬೇಕಾದ್ದು ಹೆಸರಲ್ಲ, ಸ್ಲಗ್ (ವೆಬ್ ವಿಳಾಸದಲ್ಲಿ ಬರುವ ಕೆಟಗರಿಯ ಗುರುತು). ನಿನ್ನೆ ನಾನು ಇದರಲ್ಲೇ ಎರಡು ಗಂಟೆ ಒದ್ದಾಡಿದೆ. ‘ಅಡುಗೆ’ ಕೆಟಗರಿಯ ಹೆಸರನ್ನು ‘ಊಟ ತಿಂಡಿ’ ಅಂತ ಬದಲಿಸಿದ್ದೆ. ಹೆಸರು ಬದಲಾದರೂ ಸ್ಲಗ್ ಹಳೆಯದೇ ಇರುತ್ತೆ! ಕೋಡ್‌ನಲ್ಲಿ ಹೊಸ ಹೆಸರು ಹಾಕಿದ್ದಕ್ಕೆ ಪುಟ ಖಾಲಿ. ಕೆಟಗರೀಸ್ ಪುಟದ ಸ್ಲಗ್ ಕಾಲಂ ನೋಡಿ, ಅದನ್ನೇ ಹಾಕಿದೆ. ಪೋಸ್ಟ್‌ಗಳೆಲ್ಲ ಬಂದವು.

ಇನ್ನೊಂದು ವಿಷಯ. ಅದೇ ಕ್ವೆರಿಯಲ್ಲಿ ‘ಕ್ಯಾಟ್’ಗೆ ಕೆಟಗರಿಯ ಐಡಿ (ನಂಬರ್) ಕೊಟ್ಟರೆ ಉಪ ಕೆಟಗರಿಯ ಪೋಸ್ಟ್‌ಗಳೂ ಬರುತ್ತವೆ. ಅವು ಬೇಡ ಅಂದ್ರೆ ‘ಕೆಟಗರಿ ಇನ್’ ಬಳಸಿ, ಐಡಿಯನ್ನು ಅರೇಯಲ್ಲಿ (ಪಟ್ಟಿಯ ರೂಪದಲ್ಲಿ) ಕೊಡಿ. ‘ಕೆಟಗರಿ’ ಮತ್ತು ‘ಇನ್’ ನಡುವೆ ಎರಡು ಅಂಡರ್‌ಸ್ಕೋರ್ ಇರಬೇಕು. ಒಂದೇ ಹಾಕಿದರೆ ಎರರ್ ಕೂಡ ತೋರಿಸಲ್ಲ, ಸುಮ್ನೆ ಎಲ್ಲ ಕೆಟಗರಿಯ ಪೋಸ್ಟ್‌ಗಳೂ ಬರುತ್ತವೆ. ಪೋಸ್ಟ್‌ಗಳನ್ನು ಒಂದೊಂದಾಗಿ ತೋರಿಸೋ ಲೂಪ್ ಮುಗಿದ ಮೇಲೆ, ಪುಟದ ಮೂಲ ಪೋಸ್ಟ್‌ಗೆ ಮರಳಿಸೋ ರೀಸೆಟ್ ಪೋಸ್ಟ್‌ಡೇಟಾ ಫಂಕ್ಷನ್ ಮರೀಬೇಡಿ.