ಒಂದೇ ಸರ್ವರ್, ಹಲವು ಭಾಷೆ: ಹೊಂದಿಸುವುದು ಹೇಗೆ?

ಬೆಂಗಳೂರಿನ ಕಚೇರಿಯೊಂದರ ವಿಂಡೋಸ್ ಸರ್ವರ್‌ಗೆ ಇಲ್ಲಿನ ಲೆಕ್ಕಪತ್ರ ವಿಭಾಗದವರೂ ಫ್ರಾಂಕ್‌ಫರ್ಟ್ ಮತ್ತು ಟೋಕಿಯೊದ ಸಹೋದ್ಯೋಗಿಗಳೂ ರಿಮೋಟ್ ಡೆಸ್ಕ್‌ಟಾಪ್ (ದೂರದ ಕಂಪ್ಯೂಟರನ್ನು ತಮ್ಮ ಪರದೆಯಲ್ಲೇ ಬಳಸುವ ಸೌಲಭ್ಯ) ಮೂಲಕ ಏಕಕಾಲಕ್ಕೆ ಲಾಗಿನ್ ಆಗುತ್ತಾರೆ ಎಂದುಕೊಳ್ಳಿ. ಯಾವ ಸೆಟ್ಟಿಂಗ್ ಇಡೀ ಸರ್ವರ್‌ಗೆ ಸೇರಿದ್ದು, ಯಾವುದು ಆಯಾ ಖಾತೆಗೆ ಸೇರಿದ್ದು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಪರದೆಯ ಭಾಷೆ, ದಿನಾಂಕ ಮತ್ತು ಸಂಖ್ಯೆಗಳ ಮಾದರಿ, ಕೀಬೋರ್ಡ್ ಇವೆಲ್ಲ ಖಾತೆಗೆ ಸೇರಿದವು. ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಅಕ್ಷರಸಂಕೇತ) ಅರಿಯದ ಹಳೆಯ ತಂತ್ರಾಂಶಗಳಿಗಾಗಿ ಇರುವ ಸಿಸ್ಟಮ್ ಲೊಕೇಲ್ ಮಾತ್ರ ಎಲ್ಲರಿಗೂ ಒಂದೇ. ಟೋಕಿಯೊದವರಿಗಾಗಿ ಅದನ್ನು ಜಪಾನಿ ಭಾಷೆಗೆ ಬದಲಿಸಿದರೆ ಜರ್ಮನರ ಹಳೆಯ ತಂತ್ರಾಂಶದಲ್ಲಿ ಅಕ್ಷರಗಳು ಕೆಡಬಹುದು. ಕನ್ನಡಕ್ಕಂತೂ ಅಂಥ ತಂತ್ರಾಂಶಗಳು ಬಳಸುವ ಅಕ್ಷರಸಂಕೇತಗಳ ಪಟ್ಟಿಯೇ (ಆನ್ಸಿ ಕೋಡ್‌ಪೇಜ್) ಇಲ್ಲ, ಯೂನಿಕೋಡೇ ಗತಿ. ಆದ್ದರಿಂದ ಸಿಸ್ಟಮ್ ಲೊಕೇಲನ್ನು ಮುಟ್ಟದಿರುವುದು ಲೇಸು.

ಭಾಷಾ ಪ್ಯಾಕ್‌ಗಳನ್ನು ಅಳವಡಿಸುವ ಮುನ್ನ ‘ಚೇಂಜ್ ಲಾಗಾನ್ /ಡ್ರೈನ್’ (change logon /drain) ಆದೇಶ ಕೊಡಿ. ಹೊಸ ಲಾಗಿನ್‌ಗಳು ನಿಲ್ಲುತ್ತವೆ, ಒಳಗಿರುವವರು ಕೆಲಸ ಮುಗಿಸಿ ಹೊರಬರುತ್ತಾರೆ. ಪ್ಯಾಕ್ ಅಳವಡಿಸಿ, ಸರ್ವರ್ ರೀಸ್ಟಾರ್ಟ್ ಮಾಡಿ, ‘ಚೇಂಜ್ ಲಾಗಾನ್ /ಎನೇಬಲ್’ (change logon /enable) ಎಂದು ಬಾಗಿಲು ತೆರೆಯಿರಿ. ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ತಮ್ಮ ಭಾಷೆ ಆರಿಸಿಕೊಂಡು ಲಾಗೌಟ್ ಆಗಿ ಮರಳಿದರೆ ಸಾಕು.

ಹೆಚ್ಚಿನ ಎಚ್ಚರ ಬೇಕಾದದ್ದು ಅಂಕಿಗಳಲ್ಲಿ. ಜರ್ಮನ್ ಮಾದರಿಯಲ್ಲಿ ಸಾವಿರದ ಐನೂರನ್ನು 1.500 ಎಂದು ಬರೆಯುತ್ತಾರೆ. ಹಾಗೆ ಬರೆದ ಸಿಎಸ್‌ವಿ ಕಡತವನ್ನು (ಅಂಕಿಗಳನ್ನು ಬರೀ ಪಠ್ಯವಾಗಿ ಇಡುವ ಕಡತ) ಭಾರತದ ಮಾದರಿಯಿರುವ ಖಾತೆಯಲ್ಲಿ ತೆರೆದರೆ ಎಕ್ಸೆಲ್ ಅದನ್ನು ಒಂದೂವರೆ ಎಂದು ಓದೀತು. ಇಂಥ ಕಡತ ಹಂಚಿಕೊಳ್ಳುವಾಗ ಮಾದರಿಯೊಂದನ್ನು ಎಲ್ಲರೂ ಒಪ್ಪಿಕೊಳ್ಳಬೇಕು. ಸರ್ವರ್ ಅದನ್ನು ತಾನಾಗಿ ಸರಿಪಡಿಸದು.

ಸಂಪರ್ಕಿಸುವ ಕಂಪ್ಯೂಟರಿನ ಕೀಬೋರ್ಡ್ ವಿನ್ಯಾಸವನ್ನು ಸರ್ವರ್ ಸಾಮಾನ್ಯವಾಗಿ ತಾನೇ ಎತ್ತಿಕೊಳ್ಳುತ್ತದೆ. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಕೀಲಿಗಳು ಅದಲುಬದಲಾಗಿರುವುದರಿಂದ, ‘ಪಾಸ್‌ವರ್ಡ್ ಸರಿ ಇದೆ, ಆದರೂ ಒಳಬಿಡುತ್ತಿಲ್ಲ’ ಎಂಬ ದೂರು ಬಂದರೆ ಮೊದಲು ಲಾಗಿನ್ ಪರದೆಯಲ್ಲಿ ಯಾವ ವಿನ್ಯಾಸ ಆರಿಸಲಾಗಿದೆ ಎಂದು ನೋಡಿ.

ಕೊನೆಗೆ, ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್‌ನ ನಿಯಮಗಳನ್ನು ಹೊಂದಿಸುವ ಜಾಗ) ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್‌ನ ಡಿವೈಸ್ ಆ್ಯಂಡ್ ರಿಸೋರ್ಸ್ ರೀಡೈರೆಕ್ಷನ್ ವಿಭಾಗಕ್ಕೆ ಹೋಗಿ, ಟೈಮ್‌ಝೋನ್ ಮರುನಿರ್ದೇಶನಕ್ಕೆ ಅನುಮತಿ ನೀಡಿ. ಹೊಸದಾಗಿ ಲಾಗಿನ್ ಆದವರಿಗೆ ತಮ್ಮ ಊರಿನ ಸಮಯ ಕಾಣಿಸುತ್ತದೆ. ಆದರೆ ನಿಗದಿತ ಕೆಲಸಗಳು ಸರ್ವರ್‌ನ ಗಡಿಯಾರವನ್ನೇ ಅನುಸರಿಸುತ್ತವೆ. ಭಾರತೀಯ ಕಾಲಮಾನದಲ್ಲಿ ರಾತ್ರಿ 11ಕ್ಕೆ ಇಟ್ಟ ಬ್ಯಾಕಪ್ ಚಳಿಗಾಲದ ಫ್ರಾಂಕ್‌ಫರ್ಟ್‌ನಲ್ಲಿ ಸಂಜೆ 6.30ಕ್ಕೆ ಶುರುವಾಗುತ್ತದೆ, ಆಗ ಅಲ್ಲಿ ಯಾರಾದರೂ ಇನ್ನೂ ಕೆಲಸದಲ್ಲಿರುವುದುಂಟು.