ವಿದ್ಯಾರ್ಥಿನಿ ಕಾಣೆಯಾದಾಗ 'ಇವನೇ ಮಾಡಿದ್ದು' ಅನ್ನೋ ಮೆಸೇಜ್ ಬಂದರೆ ಏನು ಮಾಡಬೇಕು?

ಮೊದಲು, ಫಾರ್ವರ್ಡ್ ಮಾಡಬೇಡಿ. ಯಾರದೋ ಫೋಟೋಗೆ ಕೆಂಪು ಸುತ್ತು ಹಾಕಿ 'ಇವನ ಮೇಲೇ ಡೌಟು' ಅಂತ ಬರೆದರೆ ಅದು ಸಾಕ್ಷಿ ಆಗಲ್ಲ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳ ಅನ್ನೋ ವದಂತಿ ನಂಬಿ ಜನ ಒಬ್ಬನನ್ನು ಹೊಡೆದು ಕೊಂದರು, ನೆನಪಿದೆ ಅಲ್ವಾ? ನಿಮಗೆ ನಿಜವಾಗಿ ಏನಾದರೂ ಗೊತ್ತಿದ್ದರೆ, ಅಂದರೆ ಆ ಹುಡುಗಿಯನ್ನು ಮೆಜೆಸ್ಟಿಕ್‌ನಲ್ಲಿ ನೋಡಿದ್ದರೆ ಅಥವಾ ನಿಮ್ಮ ಅಂಗಡಿಯ ಸಿಸಿಟಿವಿಯಲ್ಲಿ ಕಂಡಿದ್ದರೆ, ದಿನ, ಸಮಯ, ಹಾಕಿದ್ದ ಬಟ್ಟೆ ಎಲ್ಲ ಬರೆದಿಟ್ಟುಕೊಂಡು 112ಕ್ಕೆ ಫೋನ್ ಮಾಡಿ. ಫುಟೇಜ್ ಬೇಗ ಕಾಪಿ ಮಾಡಿಡಿ, ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ. ಅದನ್ನು ಗ್ರೂಪಿಗೆ ಹಾಕಬೇಡಿ, ಪೊಲೀಸರಿಗೇ ಕೊಡಿ. ಯಾರಾದರೂ ಈಗಾಗಲೇ ಹೆಸರು ಹಾಕಿದ್ದರೆ, ಗ್ರೂಪಿನಲ್ಲಿ ಜಗಳ ಬೇಡ, ಅವರಿಗೇ ಫೋನ್ ಮಾಡಿ ಡಿಲೀಟ್ ಮಾಡಿಸಿ. ಮಾನನಷ್ಟ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಅಪರಾಧ ಅಂತಲೂ ಹೇಳಿ.