‘ಎಲಿ ಮ್ಯಾಲಕ್ಕ ಮುದುಡ್ಯಾವೋ, ಕೆಳಕ್ಕೋ?’ ಅಂತ ಕೇಳಿದವರಿಗೆ ಎರಡು ಅಂಕ

ಆಗಸ್ಟ್ ಮುಗಿಯುವ ಹೊತ್ತಿಗೆ ಬ್ಯಾಡಗಿ, ಹಾವೇರಿ, ಕುಂದಗೋಳ, ಲಕ್ಷ್ಮೇಶ್ವರ ಕಡೆಯ ಮೆಣಸಿನಕಾಯಿ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಮಸುಕಾದ ಒಂದು ಫೋಟೊ, ಅದರ ಕೆಳಗೆ ‘ಎಲಿ ಮುದುಡ್ಯಾವ್ರಿ, ಏನ್ ಹೊಡಿಬೇಕು?’ ಕೇಳುವವರು ಹೆಚ್ಚಾಗಿ ಹೊಸಬರು: ಹೊಲ ಲಾವಣಿಗೆ ಹಿಡಿದವರು, ಪಟ್ಟಣದ ನೌಕರಿ ಬಿಟ್ಟು ಊರಿಗೆ ಬಂದವರು, ಗೋವಿನಜೋಳ ಬಿಟ್ಟು ಮೊದಲ ಸಲ ಮೆಣಸಿನಗಿಡ ಹಚ್ಚಿದವರು. ಅರ್ಧ ನಿಮಿಷದಲ್ಲಿ ಯಾರೋ ಒಂದು ಔಷಧದ ಹೆಸರು ಬರೆದುಬಿಡುತ್ತಾರೆ. ತುಸು ಹೊತ್ತಾದ ಮೇಲೆ ಹಳೆಯ ಬೆಳೆಗಾರರೊಬ್ಬರು ‘ತಮ್ಮಾ, ಎಲಿ ಮ್ಯಾಲಕ್ಕ ಮುದುಡ್ಯಾವೋ, ಕೆಳಕ್ಕೋ? ಹಿಂಬದಿ ಫೋಟೊ ಹಾಕು’ ಅನ್ನುತ್ತಾರೆ. ಇವರಿಬ್ಬರಲ್ಲಿ ಯಾರಿಗೆ ಗುಂಪು ಮರ್ಯಾದೆ ಕೊಡುತ್ತದೆ ಎಂಬುದೇ ಮುಂದಿನದನ್ನೆಲ್ಲ ತೀರ್ಮಾನಿಸುತ್ತದೆ. ಅಂಥ ಗುಂಪನ್ನು ನಡೆಸುತ್ತ ನಾವು ಕಟ್ಟಿಕೊಂಡ, ಸಹಾಯ ಮಾಡಿದವರಿಗೆ ಅಂಕ ಕೊಡುವ ಪದ್ಧತಿಯನ್ನು, ಬೇರೆ ಗುಂಪಿನವರಿಗೂ ಉಪಯೋಗಕ್ಕೆ ಬರಲೆಂದು, ಇಲ್ಲಿ ಬರೆದಿದ್ದೇನೆ.

ಮೊದಲು, ಆ ಮರುಪ್ರಶ್ನೆಗೆ ಯಾಕೆ ಇಷ್ಟು ಬೆಲೆ ಎಂಬುದನ್ನು ಹೇಳಬೇಕು. ಥ್ರಿಪ್ಸ್ ಎಂಬ ಸಣ್ಣ ಕೀಟ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಸುತ್ತಿಕೊಂಡು ದೋಣಿಯ ಆಕಾರಕ್ಕೆ ಬರುತ್ತದೆ. ಮೈಟ್ ನುಸಿ ಹತ್ತಿದರೆ ಅಂಚು ಕೆಳಕ್ಕೆ ಬಾಗುತ್ತದೆ, ಎಲೆ ಸಣ್ಣಗಾಗಿ ತೊಟ್ಟು ಉದ್ದವಾಗುತ್ತದೆ. ಬಿಳಿನೊಣ ತರುವ ನಂಜುರೋಗ (ವೈರಸ್) ಆದರೆ ಗಿಡವೇ ಗಿಡ್ಡಾಗಿ ನಿಂತುಬಿಡುತ್ತದೆ, ನಂಜಿಗೆ ಯಾವ ಸಿಂಪಡಣೆಯೂ ಮದ್ದಲ್ಲ. ಥ್ರಿಪ್ಸ್‌ಗೆ ಹೊಡೆಯುವ ಎಷ್ಟೋ ಔಷಧಗಳು ಮೈಟ್ ನುಸಿಯನ್ನು ಮುಟ್ಟುವುದೇ ಇಲ್ಲ, ಅದಕ್ಕೆ ನೀರಿನಲ್ಲಿ ಕರಗುವ ಗಂಧಕ ಅಥವಾ ನುಸಿನಾಶಕವೇ ಬೇಕು. ಮೈಟ್ ಇರುವ ಹೊಲಕ್ಕೆ ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರಂತೂ ಮೈಟನ್ನು ತಿನ್ನುವ ಉಪಕಾರಿ ಕೀಟಗಳು ಸತ್ತು ನುಸಿ ಇನ್ನಷ್ಟು ಏಳುತ್ತದೆ. ಅವಸರದಲ್ಲಿ ಬರೆದ ಒಂದು ಹೆಸರು ಹೊಸಬರ ದುಡ್ಡನ್ನೂ ಗಿಡವನ್ನೂ ಕೂಡಿಯೇ ತಿನ್ನುತ್ತದೆ.

ಹಾಗಾಗಿ ನಮ್ಮ ಲೆಕ್ಕದಲ್ಲಿ ಬರೇ ಔಷಧದ ಹೆಸರು ಹೇಳಿದವರಿಗೆ ಸೊನ್ನೆ. ಮುದುಡಿದ ಬಗೆ, ನಾಟಿ ಮಾಡಿ ಎಷ್ಟು ದಿನವಾಯಿತು, ಈ ಮೊದಲು ಏನು ಹೊಡೆದಿದ್ದಾರೆ, ಎಲೆಯ ಹಿಂಬದಿ ಹೇಗಿದೆ, ಇವುಗಳಲ್ಲಿ ಬೇಕಾದದ್ದನ್ನು ಕೇಳಿ ತಿಳಿದು ಉತ್ತರಿಸಿದವರಿಗೆ 2 ಅಂಕ. ಅದೇ ಪ್ರಶ್ನೆಗೆ ಹಿಂದೆ ಬಂದ ಒಳ್ಳೆಯ ಉತ್ತರವನ್ನು ಹುಡುಕಿ ಫಾರ್ವರ್ಡ್ ಮಾಡಿ, ಈ ಹೊಲಕ್ಕೆ ಹೊಂದುವ ಒಂದು ಮಾತು ಸೇರಿಸಿದವರಿಗೂ 2. ಇದು ಚಿಕ್ಕ ನಿಯಮವಾದರೂ ಹಳಬರ ಬೇಸರವನ್ನು ಅರ್ಧ ಇಳಿಸುತ್ತದೆ. ಒಂದೇ ಪ್ರಶ್ನೆ ಹತ್ತನೆಯ ಸಲ ಬಂದಾಗ ‘ಹಳೇ ಮೆಸೇಜ್ ನೋಡ್ರಿ’ ಎಂದು ಗದರಿಸುವವರಿಗೆ, ಆ ಹಳೇ ಮೆಸೇಜನ್ನು ತಾವೇ ತೆಗೆದುಕೊಡಲು ಒಂದು ಕಾರಣ ಸಿಗುತ್ತದೆ.

ದೊಡ್ಡ ಅಂಕ ಇರುವುದು ಹತ್ತು ದಿನದ ಮೇಲೆ. ಹೊಸಬರು ಮರಳಿ ಬಂದು ‘ಹಿಂಗ್ ಮಾಡಿದೆ, ಈಗ ಹಿಂಗ್ ಐತಿ’ ಎಂದು ವರದಿ ಹಾಕಿದರೆ ಉತ್ತರ ಕೊಟ್ಟವರಿಗೆ 3, ವರದಿ ಹಾಕಿದ ಹೊಸಬರಿಗೂ 1. ಕೇಳಿದವರಿಗೂ ಅಂಕ ಕೊಡುವುದನ್ನು ನಾವು ಸ್ಟಾಕ್ ಓವರ್‌ಫ್ಲೋದಿಂದ ತೆಗೆದುಕೊಂಡೆವು. ಪ್ರೋಗ್ರಾಮರ್‌ಗಳ ಆ ತಾಣದಲ್ಲಿ ಒಪ್ಪಿತವಾದ ಉತ್ತರಕ್ಕೆ 15 ಅಂಕ, ಒಪ್ಪಿದೆ ಎಂದು ಗುರುತು ಹಾಕಿದವರಿಗೆ 2. ಆದರೆ ಅಲ್ಲಿ ಮೆಚ್ಚುಗೆಯ ಪ್ರತಿ ವೋಟಿಗೆ 10 ಅಂಕ ಇರುವುದರಿಂದ ಮೊದಲು ಬರೆದವರಿಗೆ ಹೆಚ್ಚು ವೋಟು ಬೀಳುವ ಓಟಪಂದ್ಯವೂ ಹುಟ್ಟಿಕೊಂಡಿತು. ಹೊಲದ ವಿಷಯದಲ್ಲಿ ಆ ಓಟ ಬೇಡ. ನಮ್ಮಲ್ಲಿ ನೋಡಿ ಮೆಚ್ಚಿದವರ ಹೆಬ್ಬೆರಳಿಗೆ ಲೆಕ್ಕವಿಲ್ಲ, ಹೊಲ ಇದ್ದವರ ಮಾತಿಗೆ ಮಾತ್ರ ಲೆಕ್ಕ.

ವರದಿಯಲ್ಲಿ ‘ಗಿಡ ಸುಧಾರಿಸಿತೇ’ ಎಂದು ಕೇಳಬಾರದು, ‘ಹೊಸ ಚಿಗುರು ಹೆಂಗೈತಿ’ ಎಂದು ಕೇಳಬೇಕು. ಒಮ್ಮೆ ಮುದುಡಿದ ಎಲೆ ಔಷಧ ಹೊಡೆದರೂ ಬಿಚ್ಚಿಕೊಳ್ಳುವುದಿಲ್ಲ. ಇದು ಗೊತ್ತಿಲ್ಲದ ಹೊಸಬರು ಹಳೆಯ ಎಲೆ ನೋಡಿ ‘ಏನೂ ಆಗ್ಲಿಲ್ರಿ’ ಎಂದು ಬರೆದು, ಮರುದಿನವೇ ಇನ್ನೊಂದು ಔಷಧ ತರಲು ಹೊರಡುತ್ತಾರೆ.

ಇನ್ನೊಂದು ಮುಖ್ಯವಾದದ್ದು: ಆ 3 ಅಂಕ ಬೆಳೆ ಸುಧಾರಿಸಿದ್ದಕ್ಕಲ್ಲ, ವರದಿ ಬಂದದ್ದಕ್ಕೆ. ಸುಧಾರಿಸಿದರೆ ಮಾತ್ರ ಅಂಕ ಎಂದಿಟ್ಟರೆ ಹಳಬರು ಸುಲಭದ ಪ್ರಶ್ನೆಗಳಿಗಷ್ಟೇ ಕೈಹಾಕುತ್ತಾರೆ. ನಂಜುರೋಗ ಹತ್ತಿದ ಗಿಡಕ್ಕೆ ‘ಹೊಡದು ಉಪಯೋಗಿಲ್ಲ, ಕಿತ್ತು ಹೊಲದ ಹೊರಗ ಹಾಕು’ ಎಂಬ ಕಹಿ ಉತ್ತರ ಕೊಡಲು ಯಾರೂ ಮುಂದೆ ಬರುವುದಿಲ್ಲ. ಗುಂಪಿಗೆ ತೀರಾ ಬೇಕಾದದ್ದು ಆ ಉತ್ತರವೇ.

ಲೆಕ್ಕ ಇಡುವ ಬಗೆ ಹೀಗೆ. ವಾಟ್ಸಾಪ್‌ನಲ್ಲಿ ಎಮೋಜಿ ರಿಯಾಕ್ಷನ್ ಹಾಕಿಸಿದರೆ ಆಮೇಲೆ ಹುಡುಕಲು ಬರುವುದಿಲ್ಲ. ‘ಉಪಯೋಗ ಆತು’ ಎಂದು ಬರೆಯಿಸಿದರೆ ಕೆಲವರು ಕನ್ನಡದಲ್ಲಿ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಬರೆಯುತ್ತಾರೆ, ಹುಡುಕಾಟಕ್ಕೆ ಅವೆಲ್ಲ ಸಿಗುವುದಿಲ್ಲ. ಅಂಕಿಗೆ ಆ ತೊಂದರೆಯಿಲ್ಲ. ಸಹಾಯ ಮಾಡಿದವರ ಮೆಸೇಜನ್ನು ಬಲಕ್ಕೆ ಎಳೆದು ರಿಪ್ಲೈ ಆಗಿ 111 ಎಂದು ಒತ್ತಿ, ಅದರ ಜೊತೆ ಚಿಗುರಿನ ಫೋಟೊ ಹಾಕಿದರೆ ಮುಗಿಯಿತು. ಭಾನುವಾರ ಗುಂಪಿನಲ್ಲಿ 111 ಎಂದು ಹುಡುಕಿದರೆ ಆ ವಾರದ್ದೆಲ್ಲ ಸಾಲಾಗಿ ಬರುತ್ತದೆ. ಗೂಗಲ್ ಶೀಟಿನಲ್ಲಿ ಎಂಟು ಕಲಂ ಸಾಕು: ದಿನಾಂಕ, ಕೇಳಿದವರು, ಊರು, ನಾಟಿಯಾಗಿ ಎಷ್ಟು ದಿನ, ಲಕ್ಷಣ, ಉತ್ತರಿಸಿದವರು, ಹತ್ತು ದಿನದ ಸ್ಥಿತಿ, ಅಂಕ. ಶೀಟನ್ನು ಎಲ್ಲರೂ ನೋಡಬಹುದು, ಇಬ್ಬರು ಅಡ್ಮಿನ್‌ಗಳು ಮಾತ್ರ ತುಂಬಬಹುದು. ಆ ಇಬ್ಬರಿಗೆ ಅಂಕ ಇಲ್ಲ. ಪ್ರಶ್ನೆ ಕೇಳುವ ನಮೂನೆಯನ್ನು 30 ದಿನಕ್ಕೆ ಪಿನ್ ಮಾಡಿ, ಅವಧಿ ಮುಗಿದಾಗ ಮತ್ತೆ ಮಾಡಬೇಕು. ಪಿನ್‌ನ ಗರಿಷ್ಠ ಅವಧಿಯೇ ಅಷ್ಟು.

ಕೆಡುವುದು ಎಲ್ಲಿ? ಮೊದಲನೆಯದು ಅಂಗಡಿ. ಗೊಬ್ಬರ-ಔಷಧದ ಅಂಗಡಿಯವರಿಗೂ ಕಂಪನಿಯ ಫೀಲ್ಡ್ ಹುಡುಗರಿಗೂ ಅಂಕವೆಂದರೆ ಜಾಹೀರಾತು. ‘ಈ ಗುಂಪಿನಲ್ಲಿ ಹೆಚ್ಚು ಅಂಕ ನನ್ನದು’ ಎಂಬುದು ನೇರ ವ್ಯಾಪಾರಕ್ಕೆ ಬರುತ್ತದೆ. ಅವರನ್ನು ಹೊರಗಿಡುವುದೂ ಸರಿಯಲ್ಲ, ಅವರಲ್ಲಿ ನಿಜವಾಗಿ ಬಲ್ಲವರಿದ್ದಾರೆ. ಆದ್ದರಿಂದ ಮಾರಾಟ ಮಾಡುವವರು ಉತ್ತರದ ಮೊದಲಿಗೆ ‘ಅಂಗಡಿ’ ಎಂದು ಬರೆಯಬೇಕು, ಅವರಿಗೆ ಅಂಕ ಇಲ್ಲ. ಯಾರೇ ಆಗಲಿ ಕಂಪನಿ ಇಟ್ಟ ಹೆಸರನ್ನಲ್ಲ, ಡಬ್ಬಿಯ ಮೇಲಿನ ಮೂಲ ಔಷಧದ ಹೆಸರನ್ನು ಹೇಳಬೇಕು. ಲೇಬಲ್ ಮೇಲೆ ಮೆಣಸಿನಕಾಯಿ ಎಂದು ನಮೂದಾಗಿರದ ಔಷಧ ಹೇಳಿದರೆ, ಅದು ಕೆಲಸ ಮಾಡಿದರೂ ಅಂಕ ಇಲ್ಲ.

ಎರಡನೆಯದು ಗೆಳೆಯರ ಗುಟ್ಟಿನ ಒಪ್ಪಂದ. ಒಂದೇ ಊರಿನ ಇಬ್ಬರು ಒಬ್ಬರಿಗೊಬ್ಬರು 111 ಹಾಕಿಕೊಳ್ಳುವುದು ಬೇಗ ಶುರುವಾಗುತ್ತದೆ. ಒಬ್ಬರಿಂದ ಒಬ್ಬರಿಗೆ ತಿಂಗಳಿಗೆ ಎರಡೇ ಸಲ ಎಂದು ಮಿತಿ ಹಾಕಿದರೆ ಸಾಕು. ಅದರ ಪತ್ತೇದಾರಿಕೆಗೆ ಹೊತ್ತು ಕಳೆಯುವ ಅಗತ್ಯವಿಲ್ಲ.

ಮೂರನೆಯದು ರ‍್ಯಾಂಕ್ ಪಟ್ಟಿ. ಮೊದಲ ಮೂರು ಹೆಸರು ಒಂದೇ ಹಂಗಾಮಿನಲ್ಲಿ ಗಟ್ಟಿಯಾಗಿಬಿಡುತ್ತವೆ. ನಾಲ್ಕನೆಯವರಿಂದ ಮುಂದಿನವರು, ನಾವು ಎಷ್ಟು ಬರೆದರೂ ಇಷ್ಟೇ ಎಂದು ಸುಮ್ಮನಾಗುತ್ತಾರೆ. ಆ ಕಾರಣಕ್ಕೆ ಪಟ್ಟಿ ಬೇಡ, ಗೆರೆ ಸಾಕು. ಹಂಗಾಮಿನಲ್ಲಿ 20 ಅಂಕದ ಗೆರೆ ದಾಟಿದವರ ಹೆಸರನ್ನು ಅಕಾರಾದಿಯಲ್ಲಿ ಊರಿನ ಜೊತೆ ಹಾಕುತ್ತೇವೆ. ಯಾರು 21, ಯಾರು 90 ಎಂದು ಘೋಷಿಸುವುದಿಲ್ಲ. ಮಾರ್ಚ್‌ನಲ್ಲಿ ಎಲ್ಲರ ಲೆಕ್ಕವೂ ಸೊನ್ನೆಗೆ ಬರುತ್ತದೆ. ಅನುಭವ ಎಲ್ಲ ವಿಷಯಕ್ಕೂ ಒಂದೇ ಸಮ ಇರುವುದಿಲ್ಲ ಎಂಬುದು ಇದಕ್ಕೆ ಇನ್ನೊಂದು ಕಾರಣ. 2021ರಲ್ಲಿ ಹೂವಿನೊಳಗೆ ಸೇರಿಕೊಳ್ಳುವ ಕಪ್ಪು ಥ್ರಿಪ್ಸ್ ಮೆಣಸಿನಕಾಯಿಗೆ ಬಂದಾಗ, ಎಲೆ ನೋಡಿ ರೋಗ ಹೇಳುತ್ತಿದ್ದ ಹಳಬರೂ ಹೊಸಬರೇ ಆದರು. ಹೂವನ್ನು ಬಿಳಿ ಹಾಳೆಯ ಮೇಲೆ ಕೊಡವಿ ಹುಳ ಎಣಿಸಬೇಕೆಂದು ಮೊದಲು ಕಲಿತವರೇ ಆಗ ಗುರುಗಳು.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು: ಬಹುಮಾನವೇ ಶಿಕ್ಷೆಯಾಗುವುದು. ಹೆಸರು ಬಂದ ಕೂಡಲೇ ಆ ಮನುಷ್ಯನ ಫೋನು ರಾತ್ರಿ ಹತ್ತಕ್ಕೂ ಬಾರಿಸತೊಡಗುತ್ತದೆ. ಗುಂಪಿನಲ್ಲಿ ಸಿಗಬೇಕಾದ ಉತ್ತರ ಖಾಸಗಿ ಕರೆಯಲ್ಲಿ ಕರಗಿಹೋಗುತ್ತದೆ, ಇನ್ನೊಬ್ಬರಿಗೆ ಸಿಗುವುದಿಲ್ಲ. ಕೊನೆಗೆ ಒಳ್ಳೆಯ ಮನುಷ್ಯ ಹೇಳದೆಯೇ ಗುಂಪು ಬಿಡುತ್ತಾನೆ. ಆದುದರಿಂದ ಕೇಳದೆ ಕರೆ ಮಾಡಬಾರದು ಎಂಬುದು ಹೊಸಬರಿಗೆ ಹೇಳುವ ಮೊದಲ ನಿಯಮ. ಖಾಸಗಿಯಾಗಿ ಕೊಟ್ಟ ಉತ್ತರಕ್ಕೆ ಅಂಕವೂ ಇಲ್ಲ. ಜುಲೈಯಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಇಬ್ಬರಂತೆ ಪಾಳಿ ಹಚ್ಚುತ್ತೇವೆ. ಪಾಳಿ ಇಲ್ಲದ ವಾರ ಗುಂಪನ್ನು ಮ್ಯೂಟ್ ಮಾಡಿ ತಮ್ಮ ಹೊಲ ನೋಡಿಕೊಳ್ಳಲಿ. ಸಹಾಯ ಮಾಡುವವರಿಗೆ ನಾವು ಕೊಡುವುದರಲ್ಲಿ ಅತಿ ಬೆಲೆಯುಳ್ಳದ್ದು ಈ ಬಿಡುವೇ ಎಂದು ನನ್ನ ನಂಬಿಕೆ.

ಇನ್ನು ಕೊಡುವ ವಸ್ತು. ಒಂದು ಉತ್ತರಕ್ಕೆ ಇಷ್ಟು ರೂಪಾಯಿ ಎಂದು ಎಂದೂ ಹೇಳಬಾರದು. ಪ್ರೀತಿಯಿಂದ ಮಾಡುತ್ತಿದ್ದ ಕೆಲಸ ಕೂಲಿಯಾಗುತ್ತದೆ, ಕೂಲಿಯಾದ ಮೇಲೆ ಇಷ್ಟು ಕಡಿಮೆಯೇ ಎಂಬ ಮಾತು ಬರುತ್ತದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದನ್ನು ಇಷ್ಟಪಡುವ ಮಕ್ಕಳಲ್ಲಿ ಇದನ್ನು ನೋಡಿದರು. ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಹೇಳದೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಇನ್ನೊಂದು ಕಡೆಯ ಸಾಕ್ಷ್ಯವೂ ಇದೆ. ವಿಕಿಪೀಡಿಯದಲ್ಲಿ 2003ರಿಂದ ಸಂಪಾದಕರು ಒಬ್ಬರಿಗೊಬ್ಬರು ಬಾರ್ನ್‌ಸ್ಟಾರ್ ಎಂಬ ನಕ್ಷತ್ರದ ಚಿತ್ರ ಕೊಡುತ್ತಾರೆ, ಅದಕ್ಕೆ ದುಡ್ಡಿನ ಬೆಲೆಯೇನೂ ಇಲ್ಲ. ಹೆಚ್ಚು ಕೆಲಸ ಮಾಡುವ ಸಂಪಾದಕರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಅದನ್ನು ಕೊಟ್ಟು ನೋಡಿದ 2012ರ ಅಧ್ಯಯನದಲ್ಲಿ, ನಕ್ಷತ್ರ ಸಿಕ್ಕವರ ಕೆಲಸ ಸಿಗದವರಿಗಿಂತ ಮುಂದಿನ 90 ದಿನ ಸುಮಾರು 60 ಪ್ರತಿಶತ ಹೆಚ್ಚಿತ್ತು. ಹಾಗಾಗಿ ನಾವು ಹಿಡಿದ ದಾರಿ: ಅಂಕದ ನಿಯಮ ಎಲ್ಲರಿಗೂ ಗೊತ್ತಿರಲಿ, ಗೆರೆ ದಾಟಿದವರಿಗೆ ಏನು ಸಿಗುತ್ತದೆ ಎಂಬುದು ಮೊದಲೇ ಗೊತ್ತಿರದಿರಲಿ. ಪ್ರತಿ ಹಂಗಾಮಿಗೆ ಅದು ಬದಲಾಗುತ್ತದೆ.

ಇನ್ನಷ್ಟು ಚೆನ್ನಾಗಿ ಸಹಾಯ ಮಾಡಲು ಅನುವಾಗುವ ವಸ್ತುವೇ ಒಳ್ಳೆಯದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಕೊಟ್ಟರೆ ಬರಿಗಣ್ಣಿಗೆ ಸರಿಯಾಗಿ ಕಾಣದ ಮೈಟ್ ನುಸಿ ಎಲೆಯ ಹಿಂಬದಿಯಲ್ಲಿ ಕಾಣುತ್ತದೆ, ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದರೆ ಫೋಟೊವೂ ಬರುತ್ತದೆ. ನೀಲಿ ಅಂಟು ಬಲೆಗಳ ಕಟ್ಟು, ಮಣ್ಣು ಪರೀಕ್ಷೆಯ ಫೀ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಹೋಗಿಬರುವ ಬಸ್ ಚಾರ್ಜು, ಇವೂ ಆಗುತ್ತವೆ. ಶಾಲು, ಹಾರ, ಫಲಕ ನಮಗೆ ಸರಿಬರಲಿಲ್ಲ. ಫಲಕ ಗೋಡೆಗೆ ಹೋಗುತ್ತದೆ, ಕೈಮಸೂರ ಹೊಲಕ್ಕೆ ಹೋಗುತ್ತದೆ. ಹಂಗಾಮಿನ ಕೊನೆಗೆ ಒಳ್ಳೆಯ ಉತ್ತರಗಳನ್ನು ಕೂಡಿಸಿ ಪಿಡಿಎಫ್ ಮಾಡುವಾಗ ಪ್ರತಿ ಉತ್ತರದ ಕೆಳಗೆ ಹೇಳಿದವರ ಹೆಸರು, ಊರು ಹಾಕುವುದನ್ನು ಮಾತ್ರ ಎಂದೂ ತಪ್ಪಿಸಬಾರದು. ಗುಂಪಿನ ಕಡೆಯಿಂದಲ್ಲದೆ ಸಹಾಯ ಪಡೆದವರಿಂದಲೇ ಬರುವ ಗೌರವಕ್ಕೆ ಬೇರೆ ತೂಕವಿದೆ. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಿ ಊಟ ಮಾಡುವ ದಿನ, ಸಮೀಪದ ಊರಿನ ಹೊಸಬರು ‘ಕಾಕಾರ, ನಮ್ಮ ಹೊಲಕ್ಕ ಬರ್ರಿ’ ಎಂದು ಕರೆಯುವ ರೂಢಿ ಬೆಳೆಸಿದರೆ ಹಳಬರು ಆ ಬೆಳೆಯನ್ನು ಕಣ್ಣಾರೆ ನೋಡುತ್ತಾರೆ. ಫೋಟೊದಲ್ಲಿ ಕಾಣದ ನಾಲ್ಕು ವಿಷಯ ಅಲ್ಲೇ ಹೇಳಿಬರುತ್ತಾರೆ.

ಒಂದೇ ಕಡೆ 5 ಅಂಕವಿದೆ. ಹೋದ ಹಂಗಾಮಿನ ಹೊಸಬರು ಈ ಹಂಗಾಮಿನಲ್ಲಿ ಇನ್ನೊಬ್ಬರಿಗೆ ಉತ್ತರಿಸಿ 111 ಪಡೆದರೆ, ಅವರಿಗೆ 3, ಅವರು ‘ನನಗ ಇವ್ರು ಕಲಿಸಿದ್ರು’ ಎಂದು ಹೆಸರಿಸಿದ ಹಳಬರಿಗೆ 5. ಹೆಸರು ಹೇಳುವ ಹಕ್ಕು ಕಲಿತವರದು ಮಾತ್ರ, ಕಲಿಸಿದವರು ಕೇಳಿ ಪಡೆಯುವಂತಿಲ್ಲ. ಈ ನಿಯಮ ಇಲ್ಲದಿದ್ದರೆ ಹಳಬರಿಗೆ ಹೊಸಬರು ಹೊಸಬರಾಗಿಯೇ ಉಳಿಯುವುದು ಲಾಭ.

ಹೆಣ್ಣುಮಕ್ಕಳ ಲೆಕ್ಕ ತಪ್ಪದಂತೆ ನೋಡಬೇಕು. ಕಳೆ ತೆಗೆಯುವವರು, ಕಾಯಿ ಬಿಡಿಸುವವರು ಅವರು. ಮುದುಡು ಶುರುವಾದದ್ದು ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಆದರೆ ಗುಂಪಿನಲ್ಲಿರುವ ನಂಬರು ಗಂಡನದೋ ಮಗನದೋ ಆಗಿರುತ್ತದೆ. ಧ್ವನಿ ಮೆಸೇಜಿನಲ್ಲಿ ಮಾತಾಡಿದವರು ತಾಯಿ, ಅಂಕ ಮಗನ ಹೆಸರಿಗೆ. ಇದಕ್ಕೆ ಉಪಾಯ ಸುಲಭ: ಶೀಟಿನಲ್ಲಿ ನಂಬರಿನ ಹೆಸರನ್ನು ಬರೆಯದೆ ಮಾತಾಡಿದವರ ಹೆಸರನ್ನು ಬರೆಯುವುದು, ಗೊತ್ತಾಗದಿದ್ದರೆ ‘ಅಕ್ಕಾರ, ತಮ್ಮ ಹೆಸರ ಹೇಳ್ರಿ’ ಎಂದು ಅಲ್ಲೇ ಕೇಳುವುದು. ಒಂದು ನಂಬರಿನ ಮುಂದೆ ಎರಡು ಮೂರು ಹೆಸರು ಬಂದರೂ ಶೀಟಿಗೇನೂ ತೊಂದರೆಯಿಲ್ಲ.

ತಪ್ಪು ಸಲಹೆಗೆ ಅಂಕ ಕಳೆಯುವುದಿಲ್ಲ. ಕಳೆದರೆ ಅನುಮಾನ ಇದ್ದವರೆಲ್ಲ ಬಾಯಿ ಮುಚ್ಚುತ್ತಾರೆ. ತಿದ್ದಿದವರಿಗೆ 2 ಕೊಟ್ಟು, ತಪ್ಪು ಹೇಳಿದವರಿಗೆ ಅಡ್ಮಿನ್ ಬೇರೆಯಾಗಿ ಫೋನ್ ಮಾಡುತ್ತಾರೆ. ಮೂರು ನಾಲ್ಕು ಔಷಧ ಒಂದೇ ಕ್ಯಾನಿಗೆ ಸುರಿಯಲು ಹೇಳಿದ ಮೆಸೇಜನ್ನು ಮಾತ್ರ ಅಡ್ಮಿನ್ ಕೂಡಲೇ ಅಳಿಸಿ, ಯಾಕೆ ಅಳಿಸಿದ್ದು ಎಂದು ಒಂದು ಸಾಲು ಬರೆಯಬೇಕು.

ಮಾರ್ಚ್‌ನಲ್ಲಿ ಮಾಲು ಬ್ಯಾಡಗಿ ಪೇಟೆಗೆ ಹೋಗಿ ಮುಗಿಯುವ ಹೊತ್ತಿಗೆ ಶೀಟನ್ನು ಮುಚ್ಚಿ, ಗೆರೆ ದಾಟಿದವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ಮುಂದಿನ ಜುಲೈಗೆ ಪಾಳಿ ಹಿಡಿಯುತ್ತೀರಾ ಎಂದು ಕೇಳುತ್ತೇವೆ. ‘ಈ ವರ್ಷ ಆಗಂಗಿಲ್ರಿ’ ಅಂದವರನ್ನು ಒತ್ತಾಯಿಸುವುದಿಲ್ಲ. ಅವರ ಹೆಸರು ಬೇರೊಂದು ಪಟ್ಟಿಗೆ ಹೋಗುತ್ತದೆ, ಪಾಳಿಯವರಿಗೆ ಬಗೆಹರಿಯದ ಪ್ರಶ್ನೆ ಬಂದಾಗ ಮಾತ್ರ ಅವರನ್ನು ಕೇಳುತ್ತೇವೆ.